ಪದ ಬೇಕು: ‘ಸರ್ಫೇಸ್ ಗ್ರೈಂಡರ್’ಗೆ, ‘ಪ್ಯಾರಲಲ್ಸ್’ಗೂ (ತುರ್ತು)

ನಮಸ್ಕಾರ. ಮನೆಯ ಶೆಡ್ಡಿನಲ್ಲೇ ವೈಸು (ತುಂಡನ್ನು ಬಿಗಿಹಿಡಿಯುವ ಸಾಧನ), ವಿ-ಬ್ಲಾಕು (ದುಂಡು ಸರಳು ಕೂರಿಸಲು ‘ವಿ’ ಆಕಾರದ ಕಚ್ಚಿರುವ ದಿಮ್ಮಿ) ಮಾಡಿಕೊಳ್ಳುವವರಿಗಾಗಿ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ. ತಿರುಗುವ ಕಲ್ಲಿನಿಂದ ಲೋಹದ ಮೈಯನ್ನು ಸಪಾಟು ಮಾಡುವ ‘ಸರ್ಫೇಸ್ ಗ್ರೈಂಡರ್’ಗೆ ಕಂಪ್ಯೂಟರ್ ಕೊಟ್ಟದ್ದು ‘ಮೇಲ್ಮೈ ರುಬ್ಬುವ ಯಂತ್ರ’, ಚಟ್ನಿ ನೆನಪಾಯಿತು. ವೈಸಿನಲ್ಲಿ ಕೆಲಸದ ತುಂಡಿನ ಅಡಿಗೆ ಇಡುವ ಉಕ್ಕಿನ ಪಟ್ಟಿಗಳಿಗೆ, ಅಂದರೆ ‘ಪ್ಯಾರಲಲ್ಸ್’ಗೆ, ‘ಸಮಾಂತರಗಳು’ ಅಂತ ಬರೆದಿದ್ದೇನೆ, ನನಗೇ ಒಗ್ಗುತ್ತಿಲ್ಲ.

ಉತ್ತರ 1 (ಶಿವಮೊಗ್ಗ):
ಮಸೆಯಂತ್ರ. ‘ಮಸೆ’ ಅಚ್ಚಗನ್ನಡ. ‘ಸಾಣೆ’ ಅಂತ ಯಾರೂ ಶುರು ಮಾಡಬೇಡಿ, ಅದು ಸಂಸ್ಕೃತದ ‘ಶಾಣ’.

ಉತ್ತರ 2 (ಮೈಸೂರು):
‘ಮಸೆಯಂತ್ರ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ್ದು. ಅಚ್ಚಗನ್ನಡದವರೇ ಹೀಗೆ ಮಾಡಿದರೆ! ಅಲ್ಲದೆ ಮಸೆಯುವುದು ಅಂಚನ್ನು: ಕತ್ತಿ, ಕುಡುಗೋಲು, ಸಿಟ್ಟು ಬಂದರೆ ಹಲ್ಲು. ಇಲ್ಲಿ ಅಂಚೆಲ್ಲಿದೆ? ಸಪಾಟು ಮೈ. ಗಂಧ ತೇಯುವ ಸಾಣೆಕಲ್ಲು ನೋಡಿದವರಿಗೆ ಇಷ್ಟು ಬಿಡಿಸಿ ಹೇಳಬೇಕಿಲ್ಲ. ‘ಸಾಣೆ’ ಮೈಲಿಗೆ ಅನ್ನುವುದಾದರೆ ‘ತೇಯು’ ಇದೆ.

ಉತ್ತರ 3 (ಪೀಣ್ಯ):
‘ತೇಯ್ದ ಬ್ಲಾಕು’ ಅಂದರೆ ನಮ್ಮ ಹುಡುಗರು ಸವೆದುಹೋದದ್ದು ಅಂತ ಗುಜರಿಗೆ ಹಾಕ್ತಾರೆ. ನಾವು ‘ಗ್ರೈಂಡಿಂಗ್ ಹೊಡಿ’ ಅಂತೀವಿ, ಅಷ್ಟೇ.

ಪ್ಯಾರಲಲ್ ವಿಷಯ ಕೇಳಿ. ಹಾರ್ಡನಿಂಗ್ ಆಗಿ (ಕಾಸಿ ಗಟ್ಟಿ ಮಾಡಿಸಿ) ಬಂದ ಎರಡೂ ಪಟ್ಟಿಯನ್ನು ಮ್ಯಾಗ್ನೆಟಿಕ್ ಚಕ್ಕಿನ (ತುಂಡನ್ನು ಅಯಸ್ಕಾಂತದಿಂದ ಹಿಡಿಯುವ ಹಾಸು) ಮೇಲೆ ಪಕ್ಕಪಕ್ಕ ಕೂರಿಸಿ, ಒಂದೇ ಸೆಟ್ಟಿಂಗಿನಲ್ಲಿ ಕೊನೇ ಕಟ್ ಕೊಡಬೇಕು. ಎತ್ತರ 20.00 ಮಿ.ಮೀ. ಬರಲಿ, 19.97 ಬರಲಿ, ಎರಡೂ ಒಂದೇ ಇದ್ದರೆ ಸಾಕು. ಒಂದು ಕಳೆದುಹೋದರೆ ಇನ್ನೊಂದೂ ದಂಡ. ಅದಕ್ಕೇ ‘ಜೋಡಿಪಟ್ಟಿ’ ಅನ್ನಿ. ಹಾಂ, ಅಂಚಿನ ಬರ್ (ಗ್ರೈಂಡಿಂಗಿನಲ್ಲಿ ಅಂಚಿಗೆ ಏಳುವ ಚೂಪು ಸಿಬಿರು) ಕಲ್ಲಿನಿಂದ ಉಜ್ಜದೆ ಮಗುಚಿ ಹಾಕಿದಿರೋ, ಪಟ್ಟಿ ವಾಲಿ ಕೂತು ಬೆಣೆಯಾಗುತ್ತೆ. ಇದನ್ನೂ ಕೈಪಿಡಿಯಲ್ಲಿ ಬರೀರಿ, ಪದಕ್ಕಿಂತ ಉಪಯೋಗ.

ಉತ್ತರ 4 (ಶಿವಮೊಗ್ಗ):
ಅರಿಸಮಾಸ ಒಪ್ಪಿದೆ. ‘ಮಸೆಗ’ ಅನ್ನಿ. ‘ಜೋಡಿ’ಯೂ ಕನ್ನಡವಲ್ಲ. ಚಕ್ಕು, ಕಟ್ಟು, ಬರ್ರು ಎಲ್ಲ ಹಾಗೇ ಬಿಡುವುದಾದರೆ ಅನುವಾದ ಯಾಕೆ, ಇಂಗ್ಲಿಷ್ ಪುಸ್ತಕವನ್ನೇ ಹಂಚಿ.

ಉತ್ತರ 5 (ಪೀಣ್ಯ):
ಚಕ್ಕಿಗೆ ನಿಮ್ಮ ಪದ ಹೇಳಿ ಸ್ವಾಮಿ, ನಾಳೆಯಿಂದ ಅದನ್ನೇ ಅಂತೀನಿ.

ಉತ್ತರ 6 (ಶಿವಮೊಗ್ಗ):
ಹಿಡಿಕ.

ಉತ್ತರ 7 (ಮೈಸೂರು):
ಪೊರಕೆಗೂ ಹಿಡಿಯೇ, ಚಕ್ಕಿಗೂ ಹಿಡಿಯೇ?

ಉತ್ತರ 8:
ಮೊದಲು ಕೇಳಿದವನು ನಾನೇ. ‘ಜೋಡಿಪಟ್ಟಿ’ ಹಾಕಿದೆ, ಬರ್ ಮಾತೂ ಸೇರಿಸಿದೆ. ಇನ್ನೊಂದಕ್ಕೆ ‘ಸಪಾಟು ಸಾಣೆ ಮಿಷನ್’. ‘ಸಪಾಟು’ ಎಲ್ಲಿಂದ ಬಂತು ಅಂತ ದಯವಿಟ್ಟು ಶುರು ಮಾಡಬೇಡಿ, ಹಾಳೆ ಪ್ರೆಸ್ಸಿಗೆ ಹೋಗಿಯಾಯಿತು.