ಎಂಎಸ್ ಇದ್ದು ವ್ಯಾಯಾಮ ಮಾಡುವವರು ಇದ್ದೀರಾ? ಮನಸ್ಸಿಗೆ ಏನಾದರೂ ವ್ಯತ್ಯಾಸ ಆಯಿತಾ?

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮೆದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಅಂತ ಗೊತ್ತಾಗಿ ಎರಡು ವರ್ಷ. ಕಾಲಿಗಿಂತ ಜಾಸ್ತಿ ಮನಸ್ಸೇ ಸೋತಿದೆ. ವ್ಯಾಯಾಮ ಮಾಡು, ಸರಿಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಸ್ನಾನ ಮುಗಿಸುವಷ್ಟರಲ್ಲೇ ನನಗೆ ಸುಸ್ತು. ಮಾಡಿ ನೋಡಿದವರು ನಿಜ ಹೇಳಿ.

ಉತ್ತರ 1
ನನ್ನದು ಹನ್ನೊಂದು ವರ್ಷದ ಸಂಸಾರ ಇದರ ಜೊತೆ. ಮೊದಲ ಸಲ ಮನೆಯ ವ್ಯಾಯಾಮದ ಸೈಕಲ್ ತುಳಿದಾಗ ಹನ್ನೆರಡನೇ ನಿಮಿಷಕ್ಕೆ ಬಲಗಣ್ಣು ಮಂಜಾಯಿತು, ಎದುರಿನ ಗಡಿಯಾರದ ಮುಳ್ಳೇ ಕಾಣಲಿಲ್ಲ. ಮತ್ತೆ ಎಂಎಸ್ ಅಟ್ಯಾಕ್ ಬಂತು ಅಂತ ಅಲ್ಲೇ ಕೂತು ಅತ್ತುಬಿಟ್ಟೆ. ಫ್ಯಾನ್ ಹಾಕಿಕೊಂಡು, ತಣ್ಣೀರು ಕುಡಿದು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮುಳ್ಳು ಮತ್ತೆ ಕಂಡಿತು. ಆಮೇಲೆ ಗೊತ್ತಾಗಿದ್ದು, ಮೈ ಬಿಸಿ ಸ್ವಲ್ಪ ಏರಿದರೂ ಹೊದಿಕೆ ಹರಿದ ನರದಲ್ಲಿ ಸಂದೇಶ ತಡವರಿಸುತ್ತದೆ, ತಣ್ಣಗಾದರೆ ಸರಿಯಾಗುತ್ತದೆ, ಹೊಸ ಹಾನಿ ಅಲ್ಲ. ಊಟ್‌ಹೋಫ್ ಅನ್ನುವ ಜರ್ಮನ್ ಕಣ್ಣಿನ ವೈದ್ಯರು 1890ರಲ್ಲೇ ಇದನ್ನು ಬರೆದಿದ್ದಾರಂತೆ. ನನಗೆ ಮಾತ್ರ ಯಾರೂ ಮೊದಲೇ ಹೇಳಲಿಲ್ಲ ನೋಡಿ! ಎಂಟು ತಿಂಗಳು ಆ ಸೈಕಲ್ ಮೇಲೆ ಬಟ್ಟೆ ಒಣಗಿಸಿದೆ.

ಈಗ ಬೆಳಗ್ಗೆ ತಂಪಿನಲ್ಲಿ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು 7 ನಿಮಿಷ, ಸ್ವಲ್ಪ ಕೂತು ಇನ್ನೊಂದು 7 ನಿಮಿಷ. ಇನ್ನೂ ಆಗುತ್ತೆ ಅನ್ನಿಸುವಾಗಲೇ ಇಳಿಯುತ್ತೇನೆ. ಮನಸ್ಸಿನ ವಿಷಯಕ್ಕೆ ಬಂದರೆ, ಕುಣಿಯುವಂಥ ಖುಷಿಯೇನೂ ಬರಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಮಗಳು, 'ಈಗೀಗ ನೀನು ರೇಗೋದೇ ಇಲ್ಲ' ಅಂದಳು. ನನಗೇ ಗೊತ್ತಾಗಿರಲಿಲ್ಲ. 1996ರಲ್ಲಿ ಅಮೆರಿಕದಲ್ಲಿ ಎಂಎಸ್ ಇರುವವರಿಗೆ ವಾರಕ್ಕೆ 3 ಸಲದಂತೆ 15 ವಾರ ಕೈಕಾಲು ಎರಡರಿಂದಲೂ ಸೈಕಲ್ ಮಾಡಿಸಿದ್ದರು. 5ನೇ ವಾರಕ್ಕೇ ಅವರ ಬೇಸರದ ಜೊತೆ ಸಿಟ್ಟೂ ಇಳಿದಿತ್ತು. ಓದಿ ನಗು ಬಂತು.

ಉತ್ತರ 2
ನಾನು ಗಾಲಿಕುರ್ಚಿಯಲ್ಲಿರುವವನು. ರಬ್ಬರ್ ಪಟ್ಟಿ ಹಿಡಿದು ಕೂತಲ್ಲೇ ಕೈ ಎಳೆಯುತ್ತೇನೆ, ಅಷ್ಟೇ. ಗೆಳೆಯ ಫೋನಿನಲ್ಲಿ ಎಣಿಸುತ್ತಾನೆ, ಹದಿನಾಲ್ಕು ಆದಮೇಲೆ ಹದಿನಾರಕ್ಕೆ ಹಾರಿ ಮೋಸ ಮಾಡುತ್ತಾನೆ. ನನ್ನ ಮೂಡ್ ಸರಿಹೋಗಿದ್ದು ಪಟ್ಟಿಯಿಂದಲೋ ಅವನಿಂದಲೋ ಹೇಳಲಾರೆ.

ಉತ್ತರ 3
ಸ್ವಲ್ಪ ಬೇರೆ ಮಾತು. ನಾನು ಆರು ತಿಂಗಳು ಬರೀ ವಾಕಿಂಗ್ ನಂಬಿಕೊಂಡು ಕೂತೆ, ಹಾಸಿಗೆಯಿಂದ ಏಳುವುದೇ ಬೇಡ ಅನ್ನಿಸುವವರೆಗೂ. ಎಂಎಸ್‌ನಲ್ಲಿ ಖಿನ್ನತೆ ತುಂಬಾ ಸಾಮಾನ್ಯ, ಗಾಯ ಆಗುವುದು ಮೆದುಳಿನಲ್ಲೇ ಅಲ್ವಾ, ಸುಮ್ನೆ 'ಮನಸ್ಸು ಗಟ್ಟಿ ಮಾಡಿಕೋ' ಅಂದರೆ ಆಗುವುದಿಲ್ಲ. ಮಾತ್ರೆ ಮತ್ತು ಕೌನ್ಸೆಲಿಂಗ್ ಶುರುವಾದ ಮೇಲೇ ಶೂ ಹಾಕುವ ಮನಸ್ಸು ಬಂತು. ಮನಸ್ಸು ಸೋತಿರುವುದನ್ನು ನಿಮ್ಮ ನರರೋಗ ವೈದ್ಯರಿಗೆ ಹೇಳಿದ್ದೀರಾ? ಇನ್ನೊಂದು, ಮಂಜು, ಜೋಮು, ನಿಶ್ಶಕ್ತಿ ತಣ್ಣಗಾದ ಮೇಲೂ 24 ಗಂಟೆ ದಾಟಿ ಉಳಿದರೆ ಬಿಸಿಯ ಆಟ ಅಂತ ಬಿಡಬೇಡಿ, ಫೋನ್ ಮಾಡಿ.

ಕೇಳಿದವರು
ಹೇಳಿಲ್ಲ. ಕಾಲಿನದ್ದು ಹೇಳಿ ಎದ್ದುಬರುತ್ತೇನೆ. ಈ ಸಲ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ನಮ್ಮ ಸೈಕಲ್ ಮೇಲೂ ಬಟ್ಟೆಯೇ ಇದೆ!