ಗೋಕರ್ಣ ಟ್ರಿಪ್: ಅಂದಾಜು 4,900, ಬಿಲ್ಲು 8,050. ಲೆಕ್ಕ ಎಲ್ಲಿ ತಪ್ಪಿತು?

ಬಿಳಿ ಹ್ಯಾಚ್‌ಬ್ಯಾಕ್:
ನಮಸ್ಕಾರ. ಕಳೆದ ವಾರ ಬೆಂಗಳೂರಿಂದ ಹಾವೇರಿ, ಶಿರಸಿ, ದೇವಿಮನೆ ಘಾಟ್ ದಾರಿಯಲ್ಲಿ ಗೋಕರ್ಣಕ್ಕೆ ಹೋಗಿ ಬಂದೆವು. ಪೆಟ್ರೋಲ್ ಕಾರು, 37 ಲೀಟರ್ ಟ್ಯಾಂಕು, ಐದು ಜನ. ಮ್ಯಾಪ್ ನೋಡಿ ಹೋಗಿ ಬರೋಕೆ 1,000 ಕಿ.ಮೀ. ಅಂದುಕೊಂಡೆ. ಕಂಪನಿ ಹೇಳುವ ಮೈಲೇಜ್ 21. ಲೀಟರಿಗೆ 103 ರೂಪಾಯಿ ಹಿಡಿದರೆ 4,900 ಆಯ್ತು. ವಾಪಸ್ ಬಂದು ಬಂಕ್ ಬಿಲ್ ಕೂಡಿದರೆ 8,050! ಟ್ಯಾಂಕ್ ಏನಾದರೂ ಸೋರುತ್ತಿದೆಯಾ? ಇಲ್ಲಾ ಬಂಕಲ್ಲಿ ಟೋಪಿ ಹಾಕಿದರಾ? "ನಿನ್ನ ಗಾಡಿ ಪೆಟ್ರೋಲ್ ಕುಡಿಯಲ್ಲ, ಸ್ನಾನ ಮಾಡುತ್ತೆ" ಅಂತ ಭಾವ ಆಡಿಕೊಳ್ಳುತ್ತಿದ್ದಾರೆ. ಮುಂದಿನ ತಿಂಗಳು ಬಾದಾಮಿ, ವಿಜಯಪುರಕ್ಕೆ ಹೊರಟಿದ್ದೇವೆ. ಈ ಸಲ ಎಲ್ಲರ ಹತ್ತಿರ ದುಡ್ಡು ಮೊದಲೇ ಎತ್ತಬೇಕು.

ಹಳೇ ಓಡೋಮೀಟರ್:
ಬಂಕಿನವರನ್ನು ಬೈಯೋದು ಆಮೇಲೆ. ಟ್ರಿಪ್ ಮೀಟರ್ ಎಷ್ಟು ತೋರಿಸಿತು? ಹೊರಟಾಗ ಮುಳ್ಳು ಎಲ್ಲಿತ್ತು, ಮನೆಗೆ ಬಂದಾಗ ಎಲ್ಲಿತ್ತು?

ಬಿಳಿ ಹ್ಯಾಚ್‌ಬ್ಯಾಕ್:
ಮೀಟರ್ 1,176. ಹೊರಟಾಗ ಅರ್ಧ ಟ್ಯಾಂಕ್ ಇತ್ತು. ಬರುವಾಗ ಸಿರಾದಲ್ಲಿ ಫುಲ್ ಮಾಡಿಸಿದ್ದೆ. ಮನೆ ಮುಂದೆ ನಿಲ್ಲಿಸಿದಾಗ ಮುಕ್ಕಾಲು ಇತ್ತು.

ಘಾಟ್ ಗೇರ್:
ಸರ್, ಘಾಟಲ್ಲಿ 21 ಯಾವ ಗಾಡಿಯೂ ಕೊಡಲ್ಲ. ಹೈವೇಲಿ 20, ಘಾಟಲ್ಲಿ 10. ಸರಾಸರಿ 15 ಹಿಡಿದುಬಿಡಿ, ಮುಗೀತು.

ಹಳೇ ಓಡೋಮೀಟರ್:
ಘಾಟ್ ಗೇರ್ ಅವರೇ, ಎಲ್ಲರೂ ಎಡವೋದು ಅಲ್ಲೇ. ಮೈಲೇಜನ್ನು ಹಾಗೆ ಕೂಡಿ ಭಾಗಿಸಬಾರದು. ಮೊದಲ 100 ಕಿ.ಮೀ.ಗೆ 20ರ ಮೈಲೇಜ್ ಸಿಕ್ಕರೆ 5 ಲೀಟರ್. ಇನ್ನೊಂದು 100 ಕಿ.ಮೀ.ಗೆ 10 ಸಿಕ್ಕರೆ 10 ಲೀಟರ್. ಒಟ್ಟು 200 ಕಿ.ಮೀ.ಗೆ 15 ಲೀಟರ್, ಅಂದರೆ ಮೈಲೇಜ್ 13.3. 15 ಅಲ್ಲವೇ ಅಲ್ಲ. ಜೊತೆಗೆ ನಮ್ಮವರ ದಾರಿಯಲ್ಲಿ ಘಾಟ್ ಇರೋದು ಸ್ವಲ್ಪ ದೂರ, ಹೈವೇನೇ ಜಾಸ್ತಿ. ಒಂದೊಂದು ತುಂಡಿಗೂ ಲೀಟರ್ ಬೇರೆ ಬೇರೆ ಲೆಕ್ಕ ಹಾಕಿ ಕೊನೆಗೆ ಕೂಡಬೇಕು.

ಈಗ ಬಿಲ್ಲಿಗೆ ಬರೋಣ. 8,050 ಅಂದರೆ 78 ಲೀಟರ್ ಚಿಲ್ಲರೆ. ಅದರಲ್ಲಿ ಕಾಲು ಟ್ಯಾಂಕ್, ಅಂದರೆ 9 ಲೀಟರ್ ಚಿಲ್ಲರೆ, ಖರ್ಚೇ ಆಗಿಲ್ಲ. ಅದು ಟ್ಯಾಂಕಲ್ಲೇ ಕೂತಿದೆ. ಉರಿದಿದ್ದು 69. ಹಾಗಾದರೆ ನಿಮ್ಮ ನಿಜವಾದ ಮೈಲೇಜ್ 17. ಐದು ಜನ, ಲಗೇಜು, ಎಸಿ, ಘಾಟು ಎಲ್ಲ ಸೇರಿ 17 ಬಂದಿದೆ ಅಂದರೆ ಗಾಡಿ ಚೆನ್ನಾಗಿದೆ. ಕಂಪನಿಯ 21 ಟೆಸ್ಟ್ ರೂಮಿನ ರೋಲರ್ ಮೇಲೆ ಬಂದ ಅಂಕಿ. ಅಲ್ಲಿ ನಿಮ್ಮ ಭಾವ ಹಿಂದಿನ ಸೀಟಲ್ಲಿ ಕೂತಿರಲಿಲ್ಲ. ಮೈಲೇಜ್ ಇಳಿದಿದ್ದಕ್ಕೇ 13 ಲೀಟರ್ ಹೋಯಿತು. ಮ್ಯಾಪಿಗಿಂತ ಜಾಸ್ತಿ ಓಡಿದ 176 ಕಿ.ಮೀ.ಗೆ ಇನ್ನೊಂದು 8. ಅಷ್ಟು ಎಲ್ಲಿ ಸುತ್ತಿದಿರಿ?

ಬಿಳಿ ಹ್ಯಾಚ್‌ಬ್ಯಾಕ್:
ಅಯ್ಯೋ, ಮುರುಡೇಶ್ವರ! "ಇಲ್ಲೇ ಪಕ್ಕದಲ್ಲಿ" ಅಂತ ಅಕ್ಕ ಹೊರಡಿಸಿದರು. ಹೋಗಿ ಬರೋಕೆ ನೂರೈವತ್ತು ಆಗಿತ್ತು.

ಘಾಟ್ ಗೇರ್:
ಸರಾಸರಿ ವಿಷಯ ಒಪ್ಪಿದೆ ಸರ್. ಒಂದು ಮಾತು ಸೇರಿಸ್ತೀನಿ. ಘಾಟ್ ಇಳಿಯುವಾಗ ಪೆಟ್ರೋಲ್ ಉಳಿಸೋಕೆ ಅಂತ ನ್ಯೂಟ್ರಲ್ ಮಾಡಬೇಡಿ. ಈಗಿನ ಇಂಜಿನ್‌ಗಳಲ್ಲಿ ಗೇರಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಹೋಗೋದೇ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಐಡ್ಲಿಂಗಿಗೆ ಅಂತ ಕುಡಿಯುತ್ತಲೇ ಇರುತ್ತೆ, ಬ್ರೇಕೂ ಕಾಯುತ್ತೆ. ಬಂಕ್ ಮೇಲೆ ಅನುಮಾನ ಇದ್ದರೆ ಐದು ಲೀಟರ್ ಅಳತೆ ಕ್ಯಾನಿಗೆ ಹಾಕಿ ತೋರಿಸಿ ಅನ್ನಿ. ತೋರಿಸಲೇಬೇಕು.

ಹಳೇ ಓಡೋಮೀಟರ್:
ವಿಜಯಪುರಕ್ಕೆ ಹೀಗೆ ಮಾಡಿ. ಹೊರಡುವ ದಿನ ಫುಲ್ ಟ್ಯಾಂಕ್, ನಾಜಲ್ ಟಕ್ ಅಂತ ತಾನೇ ನಿಂತಲ್ಲಿಗೆ ಸಾಕು. ಮೇಲೆ ಕುತ್ತಿಗೆವರೆಗೆ ತುಂಬಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ವಾಪಸ್ ಬಂದು ಅದೇ ಬಂಕಲ್ಲಿ ಮತ್ತೆ ಟಕ್ ಅನ್ನುವವರೆಗೆ ಹಾಕಿಸಿ. ಹೊರಟ ಮೇಲೆ ಹಾಕಿಸಿದ್ದೆಲ್ಲ ಕೂಡಿದರೆ ಟ್ರಿಪ್ಪಿನ ಖರ್ಚು ಅಷ್ಟೇ. ಮುಳ್ಳು ನಂಬಬೇಡಿ. ಡ್ಯಾಶ್‌ಬೋರ್ಡಿನ ಮೈಲೇಜನ್ನೂ ಬಿಲ್ ಜೊತೆ ತಾಳೆ ನೋಡಿಯೇ ನಂಬಿ.

ಅಂದಾಜಿಗೆ ಹೋಗಿ ಬರೋಕೆ 1,060, ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಾಟಕ್ಕೆ 250. ಒಟ್ಟು 1,310. 17ರಿಂದ ಭಾಗಿಸಿದರೆ 77 ಲೀಟರ್. 103ರ ದರದಲ್ಲಿ 7,900 ಚಿಲ್ಲರೆ. ಮೇಲೆ ಹತ್ತು ಪರ್ಸೆಂಟ್ ಹಾಕಿ, ಅಕ್ಕನ "ಇಲ್ಲೇ ಪಕ್ಕದಲ್ಲಿ"ಗೆ. 8,700 ಆಯ್ತು, ತಲೆಗೆ 1,740. ಟೋಲ್ ಬೇರೆ. ಆ ದಾರಿಯಲ್ಲಿ ಘಾಟ್ ಇಲ್ಲ ಅಂತ 20 ಹಿಡಿಯಬೇಡಿ. ನಾಲ್ಕು ಲೇನ್ ಖಾಲಿ ಸಿಕ್ಕರೆ ಕಾಲು ಸುಮ್ನಿರಲ್ಲ, ಅಲ್ವಾ? ವೇಗ 80ರಿಂದ 110ಕ್ಕೆ ಹೋದರೆ ಗಾಳಿಯ ತಡೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತೆ. ಚಕ್ರದ ಗಾಳಿ ಬೆಳಿಗ್ಗೆ ಹೊರಡೋ ಮುಂಚೆ, ಟೈರ್ ತಣ್ಣಗಿದ್ದಾಗಲೇ ನೋಡಿಸಿ.

ಬಿಳಿ ಹ್ಯಾಚ್‌ಬ್ಯಾಕ್:
ಥ್ಯಾಂಕ್ಸ್ ಸರ್, ತಲೆಭಾರ ಇಳಿಯಿತು. ಆದರೆ ಇನ್ನೊಂದು ಶುರುವಾಯಿತು. 8,050 ಪೂರ್ತಿ ಐದು ಜನಕ್ಕೆ ಹಂಚಿದ್ದೆ. ಟ್ಯಾಂಕಲ್ಲಿದ್ದ ಆ 9 ಲೀಟರಲ್ಲಿ ನಾನು ವಾರವೆಲ್ಲ ಆಫೀಸಿಗೆ ಓಡಾಡಿದ್ದೇನೆ.

ಹಳೇ ಓಡೋಮೀಟರ್:
950 ರೂಪಾಯಿ. ಭಾವ ಈ ಥ್ರೆಡ್ ನೋಡೋ ಮುಂಚೆ ವಾಪಸ್ ಹಂಚಿಬಿಡಿ.