ಸುತ್ತಲೂ ತೋಟ, ಆದರೂ ಮಗನ ಗಮನ ಪುಸ್ತಕದಲ್ಲಿ ನಿಲ್ಲುವುದಿಲ್ಲ

ಪ್ರಶ್ನೆ (ಸುಂಟಿಕೊಪ್ಪ ಕಡೆಯ ತಾಯಿ):
ನಮಸ್ಕಾರ ಮೇಡಂ. ನಮ್ಮದು ಕಾಫಿ ತೋಟದ ನಡುವಿನ ಮನೆ. ಮಗ ಏಳನೆಯ ತರಗತಿ. ಬೆಂಗಳೂರಿನಿಂದ ನಾದಿನಿ ಬಂದಾಗಲೆಲ್ಲ, ‘ಇಂಥ ಜಾಗದಲ್ಲಿ ಬೆಳೆಯುವ ಮಕ್ಕಳಿಗೆ ಏಕಾಗ್ರತೆ ತಾನಾಗಿ ಬರುತ್ತದಂತೆ’ ಎನ್ನುತ್ತಾರೆ. ನನಗೆ ನಗು ಬರುತ್ತದೆ. ಕೆಂಜಿಗಗಳು ಕಾಫಿ ಎಲೆ ಸೇರಿಸಿ ಗೂಡು ಹೊಲಿಯುವುದನ್ನು ಇವನು ಮುಕ್ಕಾಲು ಗಂಟೆ ನಿಂತು ನೋಡುತ್ತಾನೆ. ಗಣಿತದ ಪುಸ್ತಕ ತೆರೆದರೆ ಹತ್ತೇ ನಿಮಿಷಕ್ಕೆ ಪೆನ್ಸಿಲ್ ಚೂಪು ಮಾಡಬೇಕೆಂದು ಏಳುತ್ತಾನೆ. ಹಸಿರಿಗೂ ಗಮನಕ್ಕೂ ನಿಜವಾಗಿ ಸಂಬಂಧವಿದೆಯೇ?

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ):
ಇದೆ, ಆದರೆ ನಿಮ್ಮ ನಾದಿನಿ ಹೇಳುವಷ್ಟು ಸಲೀಸಾಗಿಲ್ಲ. ಮೊದಲು ಕೆಂಜಿಗದ ವಿಷಯ. ತಾನಾಗಿ ಹರಿಯುವ ಗಮನ ಒಂದು, ಪ್ರಯತ್ನದಿಂದ ಹಿಡಿದು ನಿಲ್ಲಿಸುವ ಗಮನ ಇನ್ನೊಂದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು. ಗಣಿತಕ್ಕೆ ಬೇಕಾದುದು ಎರಡನೆಯದು, ದಣಿಯುವುದೂ ಅದೇ. ಎಲೆ, ನೀರು, ಇರುವೆ ನೋಡುತ್ತಿರುವಾಗ ದಣಿದ ಗಮನಕ್ಕೆ ಬಿಡುವು ಸಿಗುತ್ತದೆ ಎಂಬುದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಯಾಪ್ಲನ್ ದಂಪತಿಗಳ ವಾದ. ಆದ್ದರಿಂದ ಅವನನ್ನು ಕೆಂಜಿಗದ ಗೂಡಿನಿಂದ ಗದರಿ ಎಬ್ಬಿಸಬೇಡಿ.

2015ರಲ್ಲಿ ಪ್ರಕಟವಾದ ಬಾರ್ಸಿಲೋನಾದ ಅಧ್ಯಯನವೊಂದರಲ್ಲಿ 36 ಶಾಲೆಗಳ 7ರಿಂದ 10 ವರ್ಷದ 2,593 ಮಕ್ಕಳನ್ನು ಒಂದು ವರ್ಷ ಗಮನಿಸಿದರು. ಹಸಿರು ಹೆಚ್ಚಿದ್ದ ಕಡೆ, ಅದರಲ್ಲೂ ಶಾಲೆಯ ಸುತ್ತ ಹೆಚ್ಚಿದ್ದ ಕಡೆ, ಮಕ್ಕಳ ಕಾರ್ಯಸ್ಮೃತಿ (ಕೆಲಸ ಮಾಡುವಾಗ ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ) ಹೆಚ್ಚು ಸುಧಾರಿಸಿತ್ತು, ಅನ್ಯಮನಸ್ಕತೆ ಹೆಚ್ಚು ತಗ್ಗಿತ್ತು. ಇದರಲ್ಲಿ ಒಂದು ಪಾಲು ವಾಹನಗಳ ಹೊಗೆ ಕಡಿಮೆಯಿದ್ದುದರಿಂದ ಬಂದದ್ದು. ಮರ ಬರೀ ಕಣ್ಣಿಗೆ ತಂಪಾಗಿ ಮಾಡಿದ ಕೆಲಸವಲ್ಲ. ಕುಶಾಲನಗರದಲ್ಲಿ ಹೆದ್ದಾರಿಗೆ ಅಂಟಿಕೊಂಡ ಶಾಲೆಗಳು ಇದನ್ನು ಓದಬೇಕು.

ಇಂಥ ಅಧ್ಯಯನಗಳಲ್ಲಿ ಹಸಿರನ್ನು ಅಳೆಯುವುದು ಉಪಗ್ರಹ ಚಿತ್ರಗಳಿಂದ. ಉಪಗ್ರಹದ ಲೆಕ್ಕದಲ್ಲಿ ನಿಮ್ಮ ಮನೆಗೆ ನೂರಕ್ಕೆ ನೂರು. ಹುಡುಗ ಅಂಗಳದಲ್ಲಿದ್ದಾನೋ ಪರದೆ ಎಳೆದ ಕೋಣೆಯಲ್ಲಿದ್ದಾನೋ ಅದಕ್ಕೆ ಕಾಣಿಸುವುದಿಲ್ಲ. ಕೊಡಗಿನಲ್ಲಿ ಯಾರ ಮನೆ ಸುತ್ತ ಮರವಿಲ್ಲ ಹೇಳಿ? ನಿಮ್ಮ ಮಗನಿಗೂ ಅವನ ಪಕ್ಕದ ಬೆಂಚಿನವನಿಗೂ ಇರುವ ವ್ಯತ್ಯಾಸವನ್ನು ಮರಗಳಲ್ಲಿ ಹುಡುಕಿ ಫಲವಿಲ್ಲ. ಅವನ ದಿನಚರಿ ಹೇಳಿ.

ತಾಯಿ:
ಬೆಳಿಗ್ಗೆ ಆರಕ್ಕೆ ಎದ್ದು ಏಳಕ್ಕೆ ಬಸ್ ಹತ್ತುತ್ತಾನೆ. ಮರಳುವಾಗ ಐದೂವರೆ. ಆಮೇಲೆ ಮೊಬೈಲಿನಲ್ಲಿ ಟ್ಯೂಷನ್, ಹೋಂವರ್ಕ್, ಮಲಗುವಾಗ ಹನ್ನೊಂದು. ತೋಟಕ್ಕೆ ಬಿಡೋಣವೆಂದರೆ ಆನೆ. ಮೊನ್ನೆ ಪಂಪ್‌ಹೌಸಿನ ಹತ್ತಿರವೇ ಲದ್ದಿ ಬಿದ್ದಿತ್ತು. ಮಳೆಗಾಲದಲ್ಲಿ ಜಿಗಣೆ ಬೇರೆ.

ಉತ್ತರ:
ಆನೆ ಇರುವ ಕಡೆ ಮಗುವನ್ನು ತೋಟಕ್ಕೆ ಕಳುಹಿಸಿ ಎಂದು ನಾನು ಹೇಳುವುದಿಲ್ಲ. ನಗರದಲ್ಲಿ ಕೂತು ಪ್ರಕೃತಿಯ ಬಗ್ಗೆ ಬರೆಯುವವರಿಗೆ ಈ ತೊಂದರೆ ಗೊತ್ತಿರುವುದಿಲ್ಲ. ಮನೆ ಮುಂದೆ ಕಾಫಿ ಒಣಗಿಸುವ ಕಣವಿದೆಯಲ್ಲ? ಬಯಲು ಜಾಗ, ಅಡುಗೆಮನೆಯಿಂದಲೇ ಕಣ್ಣಿಗೆ ಬೀಳುತ್ತದೆ. ಬಸ್ಸಿಳಿದ ಮೇಲೆ, ಕತ್ತಲಾಗುವ ಮೊದಲು, ಇಪ್ಪತ್ತು ನಿಮಿಷ ಅಲ್ಲಿರಲಿ. ಮೊಬೈಲ್ ಒಳಗಿರಲಿ. ಒಣಗಲು ಹಾಕಿದ ಕಾಫಿ ಕೈಯಾಡಿಸುತ್ತಾನೋ, ಸುಮ್ಮನೆ ಕೂರುತ್ತಾನೋ, ಅವನಿಷ್ಟ. ಮಳೆಯಿದ್ದರೆ ಜಗಲಿ ಸಾಕು. ಇಪ್ಪತ್ತು ಏಕೆಂದರೆ, 2009ರ ಅಮೆರಿಕದ ಪ್ರಯೋಗವೊಂದರಲ್ಲಿ ಗಮನ ಕೊರತೆಯಿದ್ದ 17 ಮಕ್ಕಳನ್ನು ಇಪ್ಪತ್ತು ನಿಮಿಷ ನಡೆಸಿದ್ದರು. ಪೇಟೆಯಲ್ಲಿ ಅಥವಾ ಮನೆಗಳ ಬೀದಿಯಲ್ಲಿ ನಡೆದಾಗಿನದಕ್ಕಿಂತ ಉದ್ಯಾನದಲ್ಲಿ ನಡೆದ ನಂತರ ಅವರ ಏಕಾಗ್ರತೆ ಚೆನ್ನಾಗಿತ್ತು. ಹದಿನೇಳೇ ಮಕ್ಕಳು, ಆದ್ದರಿಂದ ಇದನ್ನು ಔಷಧದ ಚೀಟಿ ಎಂದುಕೊಳ್ಳಬೇಡಿ. ಖರ್ಚಿಲ್ಲ, ನಷ್ಟವಿಲ್ಲ ಎಂದು ಹೇಳುತ್ತಿದ್ದೇನೆ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ನಿಮ್ಮ ‘ಹನ್ನೊಂದು’. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಇವನಿಗೆ ಸಿಗುತ್ತಿರುವುದು ಏಳು. ಈ ಬಾಕಿಯನ್ನು ಯಾವ ದೇವರಕಾಡೂ ತೀರಿಸಿಕೊಡುವುದಿಲ್ಲ. ಟ್ಯೂಷನ್ ಕಡಿತಗೊಳಿಸಿ, ಒಂಬತ್ತಕ್ಕೆ ಮಲಗಿಸಿ. ಒಂದು ತಿಂಗಳ ನಂತರ ಗಣಿತದ ಮಾತಾಡೋಣ.

ಇನ್ನೊಬ್ಬ ಪೋಷಕರು (ವಿರಾಜಪೇಟೆ):
ಮೇಡಂ, ನನ್ನ ಮಗಳಿಗೆ ಎಡಿಎಚ್‌ಡಿ (ಗಮನ ಕೊರತೆ, ಅತಿಚಟುವಟಿಕೆಯ ತೊಂದರೆ) ಎಂದು ವೈದ್ಯರು ಮಾತ್ರೆ ಕೊಟ್ಟಿದ್ದಾರೆ. ಇಷ್ಟವಾದ ಚಿತ್ರ ಬಿಡಿಸಲು ಗಂಟೆಗಟ್ಟಲೆ ಕೂರುತ್ತಾಳೆ. ಹಾಗಾದರೆ ಕಾಯಿಲೆ ಇಲ್ಲವೆಂದೇ? ದಿನಾ ವಾಕಿಂಗ್ ಕರೆದೊಯ್ದು ಮಾತ್ರೆ ನಿಲ್ಲಿಸಬಹುದೇ?

ಉತ್ತರ:
ನೀವಾಗಿಯೇ ನಿಲ್ಲಿಸಬೇಡಿ. ಇಷ್ಟವಾದ ಕೆಲಸದಲ್ಲಿ ಮುಳುಗುವ ಶಕ್ತಿ ಎಡಿಎಚ್‌ಡಿ ಇರುವ ಮಕ್ಕಳಿಗೂ ಇರುತ್ತದೆ. ವೈದ್ಯರು ನೋಡುವುದು ಬೇರೆ: ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದವೇ, ಮನೆಯಲ್ಲೂ ಶಾಲೆಯಲ್ಲೂ ಕಾಣುತ್ತವೆಯೇ, ಆರು ತಿಂಗಳಾದರೂ ನಡೆದಿದೆಯೇ ಎಂದು. ವಾಕಿಂಗ್ ಮಾತ್ರೆಯ ಜೊತೆಗಿರಲಿ. ಅನುಮಾನವಿದ್ದರೆ ಮಾತ್ರೆ ಬರೆದ ವೈದ್ಯರನ್ನೇ ಕೇಳಿ. ಫೋನಿನಲ್ಲಿ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ.

ತಾಯಿ:
ಒಂಬತ್ತಕ್ಕೆ ಆಗಲಿಲ್ಲ ಮೇಡಂ, ಒಂಬತ್ತೂಮುಕ್ಕಾಲಿಗೆ ತಂದಿದ್ದೇವೆ. ಟ್ಯೂಷನ್ ಮೇಷ್ಟ್ರು ಮುನಿಸಿಕೊಂಡಿದ್ದಾರೆ. ಮಗ ಕಣದಲ್ಲಿ ಕೂತು, ಸಿಲ್ವರ್ ಮರಕ್ಕೆ ಎಷ್ಟು ಮೆಣಸಿನ ಬಳ್ಳಿ ಹಬ್ಬಿದೆ ಎಂದು ಎಣಿಸುತ್ತಿದ್ದಾನೆ. ಇದು ಗಣಿತದ ಲೆಕ್ಕಕ್ಕೆ ಬರುತ್ತದೆಯೇ?